ಗೇಮ್‌ನಲ್ಲಿ ಶತ್ರುವಿನ ನಡವಳಿಕೆ: ಏಲಿಯನ್ ನಮ್ಮನ್ನು ಹೇಗೆ ಹುಡುಕುತ್ತದೆ?

ಶತ್ರುವಿನ ಹೆಲ್ತ್ (ಸಾಯುವ ಮೊದಲು ತಡೆದುಕೊಳ್ಳುವ ಏಟು) ಎರಡು ಪಟ್ಟು ಮಾಡಿದರೆ ಆಟ ಕಷ್ಟವಾಗುತ್ತದೆ. ಆದರೆ ನಾವು ಆಡುವ ರೀತಿ ಬದಲಾಗುವುದಿಲ್ಲ, ಅದೇ ಬಟನ್ ಇನ್ನಷ್ಟು ಹೊತ್ತು ಒತ್ತುತ್ತೇವೆ, ಅಷ್ಟೇ. ನಡವಳಿಕೆ ಬದಲಿಸಿದರೆ ನಮ್ಮ ಲೆಕ್ಕಾಚಾರವೇ ಬದಲಾಗುತ್ತದೆ. ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆ.

ಪ್ಯಾಕ್-ಮ್ಯಾನ್ (1980)

ದಾರಿಗಳ ಜಾಲದಲ್ಲಿ ನಮ್ಮನ್ನು ಬೆನ್ನಟ್ಟುವ ನಾಲ್ಕು ಭೂತಗಳು, ನಾಲ್ಕು ನಿಯಮಗಳು. ಬ್ಲಿಂಕಿ ನಾವಿರುವ ಚೌಕಕ್ಕೇ ಗುರಿಯಿಡುತ್ತದೆ. ಪಿಂಕಿ ನಮಗಿಂತ ನಾಲ್ಕು ಚೌಕ ಮುಂದಕ್ಕೆ ಗುರಿಯಿಡುತ್ತದೆ. ಇಂಕಿಯ ಲೆಕ್ಕದಲ್ಲಿ ಬ್ಲಿಂಕಿ ಎಲ್ಲಿದೆ ಅನ್ನುವುದೂ ಸೇರುತ್ತದೆ. ಕ್ಲೈಡ್ ದೂರವಿದ್ದಾಗ ಬೆನ್ನಟ್ಟುತ್ತದೆ, ಎಂಟು ಚೌಕದೊಳಗೆ ಬಂದರೆ ತನ್ನ ಮೂಲೆಗೆ ತಿರುಗುತ್ತದೆ. ಯಾವುದೂ ಇನ್ನೊಂದರ ಜೊತೆ ಮಾತಾಡಿಕೊಂಡಿಲ್ಲ. ಆದರೂ ಸೇರಿ ಸುತ್ತುವರಿದಂತೆ ಅನಿಸುತ್ತದೆ. ಮೊದಲ ಹಂತದಲ್ಲಿ 20 ಸೆಕೆಂಡ್ ಬೆನ್ನಟ್ಟುವ ಸರದಿಗೂ ಮೊದಲು 7 ಸೆಕೆಂಡ್ ಅವು ಮೂಲೆಗಳ ಕಡೆ ಚದುರುತ್ತವೆ. ಉಸಿರು ಬಿಡಲು ಸಿಗುವ ಈ ಬಿಡುವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಏಲಿಯನ್: ಐಸೊಲೇಷನ್ (2014): ತಲೆ ಕೆಡಿಸುವ ಭಾಗ

ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಏಲಿಯನ್‌ನಿಂದ ಅಡಗಿ ಓಡಾಡುವ ಆಟ ಇದು. ಶತ್ರುವಿನ ನಡವಳಿಕೆಗೆ ಎರಡು ಪದರಗಳಿವೆ. ಮೇಲೆ ಒಬ್ಬ ‘ಡೈರೆಕ್ಟರ್’, ಅಂದರೆ ತೆರೆಯ ಮೇಲೆ ಕಾಣದ, ಆಟ ನಡೆಸುವ ಪ್ರೋಗ್ರಾಂ. ಅದಕ್ಕೆ ನಾವೆಲ್ಲಿದ್ದೇವೆ ಎಂದು ಸದಾ ಗೊತ್ತು. ಕೆಳಗೆ ಏಲಿಯನ್. ಅದಕ್ಕೆ ಗೊತ್ತಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಪಕ್ಕದಲ್ಲಿ ನಿಂತವರು “ಆ ಕಡೆ ನೋಡು” ಎಂದಷ್ಟೇ ಹೇಳಿದ ಹಾಗೆ, ಡೈರೆಕ್ಟರ್ ಸುಳಿವು ಕೊಡುತ್ತದೆ, ಜಾಗ ತೋರಿಸುವುದಿಲ್ಲ.

ಇಲ್ಲಿ ಬರುವ ಪ್ರಶ್ನೆ: ಗೊತ್ತಿದ್ದ ಮೇಲೆ ಅದು ಮೋಸ ಅಲ್ವಾ? ಹಂತ ಹಂತವಾಗಿ ನೋಡೋಣ. ನಾವು ಲಾಕರ್ ಒಳಗೆ ಅಡಗಿದ್ದೇವೆ ಅಂದುಕೊಳ್ಳಿ. ಡೈರೆಕ್ಟರ್ ಏಲಿಯನ್ನನ್ನು ನಮ್ಮ ಸುತ್ತಮುತ್ತ ಕಳಿಸುತ್ತದೆ. ಅಲ್ಲಿಂದ ಮುಂದೆ ಅದು ತನ್ನ ಕಣ್ಣು, ಕಿವಿಯನ್ನೇ ನಂಬಬೇಕು. ನಾವು ಸದ್ದು ಮಾಡಿದರೆ ಬರುತ್ತದೆ. ಸುಮ್ನೆ ಇದ್ದರೆ ದಾಟಿ ಹೋಗಲೂಬಹುದು. ಹಾಗಾಗಿ ಸಿಕ್ಕಿಬಿದ್ದಾಗ “ನಾನೇ ಸದ್ದು ಮಾಡಿದೆ” ಅನಿಸುತ್ತದೆ, “ಗೇಮ್ ಮೋಸ ಮಾಡಿತು” ಅನಿಸುವುದಿಲ್ಲ.

ಒಂದೊಂದೇ ಪದರ ತೆಗೆದು ನೋಡಿದರೆ ಇನ್ನೂ ಸ್ಪಷ್ಟ. ಡೈರೆಕ್ಟರ್ ಇಲ್ಲದಿದ್ದರೆ ಏಲಿಯನ್ ನಿಲ್ದಾಣದ ಇನ್ನೊಂದು ತುದಿಯಲ್ಲಿ ಅಲೆಯುತ್ತಿರಬಹುದು, ನಾವು ಆರಾಮಾಗಿ ಓಡಾಡುತ್ತೇವೆ, ಭಯವೇ ಇಲ್ಲ. ಏಲಿಯನ್‌ಗೇ ಎಲ್ಲ ಗೊತ್ತಿದ್ದರೆ ಅಡಗುವುದಕ್ಕೆ ಅರ್ಥವಿಲ್ಲ. ನಾನು ಮನಸ್ಸಲ್ಲಿ ಇಟ್ಟುಕೊಂಡ ಸೂತ್ರ: *ಗೊತ್ತಿರುವವನು ಹಿಡಿಯುವುದಿಲ್ಲ, ಹಿಡಿಯುವವನಿಗೆ ಗೊತ್ತಿಲ್ಲ.* ಯಾವುದೇ ಸ್ಟೆಲ್ತ್ ಗೇಮ್ (ಅಡಗಿ ಆಡುವ ಆಟ) ನೋಡುವಾಗ ಮೊದಲು ಇದನ್ನೇ ಕೇಳಿಕೊಳ್ಳುತ್ತೇನೆ: ಇಲ್ಲಿ ಯಾರಿಗೆ ಎಷ್ಟು ಗೊತ್ತು?

ಡೈರೆಕ್ಟರ್‌ಗೆ ಇನ್ನೊಂದು ಕೆಲಸವೂ ಇದೆ. ಏಲಿಯನ್ ಹತ್ತಿರ ಸುಳಿದಾಡಿದಷ್ಟೂ ಒಳಗೊಳಗೇ ಒತ್ತಡದ ಅಳತೆ ಏರುತ್ತದೆ. ಮಿತಿ ಮುಟ್ಟಿದರೆ ಏಲಿಯನ್ನನ್ನು ಗಾಳಿಕೊಳವೆಗೆ ವಾಪಸ್ ಕಳಿಸುತ್ತದೆ. ನಮಗೆ ಮಾತ್ರ “ಅಬ್ಬಾ, ತಪ್ಪಿಸಿಕೊಂಡೆ” ಅನಿಸುತ್ತದೆ. ಪ್ಯಾಕ್-ಮ್ಯಾನ್‌ನ ಬಿಡುವು ಇಲ್ಲಿ ಗಡಿಯಾರ ಬಿಟ್ಟು ನಮ್ಮ ಸ್ಥಿತಿ ನೋಡಿ ಬರುತ್ತದೆ. ಲೆಫ್ಟ್ 4 ಡೆಡ್ (2008) ಕೂಡ ಹೀಗೇ: ಆಟಗಾರರ ಒತ್ತಡ ತುದಿ ಮುಟ್ಟಿದ ಮೇಲೆ ಜೊಂಬಿಗಳ ದಂಡು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ.

ಮಿಕ್ಕಿದ್ದು, ಚುಟುಕಾಗಿ

ಎಫ್.ಇ.ಎ.ಆರ್. (2005) ಎಂಬ ಶೂಟಿಂಗ್ ಆಟದ ಶತ್ರು ಸೈನಿಕರು ಪ್ಲಾನ್ ಮಾಡುತ್ತಾರೆ, ನಿಜ. ಆದರೆ ಮರೆ ಹುಡುಕುತ್ತಾ ಹೋದವನು ನಮ್ಮ ಪಕ್ಕಕ್ಕೆ ಬಂದರೂ ಅದು ಸುತ್ತುವರಿದ ಹಾಗೆ ಕಾಣುತ್ತದೆ. ಜೊತೆಗೆ ಅವರ ಕೂಗಾಟ ಬೇರೆ! ಜಾಣತನ ನಮಗೆ ಕೇಳಿಸಬೇಕು, ಇಲ್ಲದಿದ್ದರೆ ಅದು ಅದೃಷ್ಟ ಅನಿಸಿಬಿಡುತ್ತದೆ. ಹೇಲೋದಲ್ಲಿ (2001) ನಾಯಕ ಎಲೀಟ್ ಸತ್ತರೆ ಪುಟ್ಟ ಗ್ರಂಟ್‌ಗಳು ಕಿರುಚಿ ಓಡುತ್ತವೆ. ಆಟ ಸುಲಭವಾಯಿತು, ಆದರೂ ಅವಕ್ಕೆ ಜೀವ ಬಂದ ಹಾಗಾಯಿತು. ಕಷ್ಟ ಮತ್ತು ತಲ್ಲೀನತೆ ಒಟ್ಟಿಗೇ ಏರಬೇಕಿಲ್ಲ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಇದೇ.

ಉಲ್ಟಾ ಕೂಡ ಇದೆ. ಮೈಗೆ ಬಾಣ ನಾಟಿದ ಕಾವಲುಗಾರ ಸ್ವಲ್ಪ ಹೊತ್ತು ಹುಡುಕಿ, “ಏನೂ ಇಲ್ಲ ಬಿಡು” ಎಂದು ಗಸ್ತಿಗೆ ಮರಳಿದರೆ ನಗು ಬರುತ್ತದೆ, ಆಟದ ಲೋಕ ಮುರಿಯುತ್ತದೆ. ಹಾಗಂತ ಅವನ ಮರೆವನ್ನು ತೆಗೆದರೆ, ಒಂದು ಸಲ ಕಂಡವರಿಗೆ ಮತ್ತೆ ಅಡಗುವ ದಾರಿಯೇ ಇರುವುದಿಲ್ಲ, ಸೇವ್ ಲೋಡ್ ಮಾಡುವುದೊಂದೇ ಉಳಿಯುತ್ತದೆ. ಮರೆವನ್ನು ಇಟ್ಟುಕೊಂಡೇ, ಆಮೇಲೆ ಅವನು ಕತ್ತಿ ಹಿರಿದು ಜೊತೆಗಾರನೊಂದಿಗೆ ಗಸ್ತು ತಿರುಗುವ ಹಾಗೆ ಮಾಡಿದರೆ ಆಟದ ಲೋಕ, ಅಡಗುವ ದಾರಿ ಎರಡೂ ಸ್ವಲ್ಪ ಸ್ವಲ್ಪ ಉಳಿಯುತ್ತವೆ.