ಭೂತಾನ್: ಹೆಸರಿಗಿಂತ ಮೊದಲು ಎತ್ತರ ನೆನಪಿಡಿ

ಪಾರೋ, ಪುನಾಖಾ, ಫೋಬ್ಜಿಖಾ... ಮೊದಲ ಸಲ ಓದಿದಾಗ ನನಗೆ ಎಲ್ಲ ಹೆಸರೂ ಒಂದೇ ಥರ ಕೇಳಿಸಿದವು. ಉರು ಹೊಡೆದರೂ ತಲೆಯಲ್ಲಿ ನಿಲ್ಲಲಿಲ್ಲ. ಊರುಗಳನ್ನು ಎತ್ತರದ ಲೆಕ್ಕದಲ್ಲಿ ಜೋಡಿಸಿಕೊಂಡ ಮೇಲೆ ದಾರಿ ಸಿಕ್ಕಿತು.

ಭೂತಾನ್‌ನಲ್ಲಿ ನದಿಗಳು ಉತ್ತರದ ಹಿಮದಿಂದ ದಕ್ಷಿಣಕ್ಕೆ ಹರಿಯುತ್ತವೆ. ಮುಖ್ಯ ರಸ್ತೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಹಾಗಾಗಿ ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ಹೋಗಲು ಘಟ್ಟ ಹತ್ತಿ ಇಳಿಯಲೇಬೇಕು. ಮೂರು ಪದ ಗೊತ್ತಿರಲಿ: 'ಛು' ಅಂದರೆ ನದಿ, 'ಲಾ' ಅಂದರೆ ಘಟ್ಟದ ದಾರಿ, 'ಜೊಂಗ್' ಅಂದರೆ ಕೋಟೆ. ಜೊಂಗ್ ಒಳಗೇ ಮಠವೂ ಇರುತ್ತದೆ, ಸರ್ಕಾರಿ ಕಚೇರಿಯೂ ಇರುತ್ತದೆ.

ಬಂಗಾಳದ ಜೈಗಾಂವ್‌ಗೆ ಅಂಟಿಕೊಂಡ ಫುಂಟ್‌ಶೋಲಿಂಗ್ ಸುಮಾರು 300 ಮೀಟರ್. ಸೆಕೆ ಜಾಸ್ತಿ, ಗಡಿ ದಾಟಿ ಮುಂದೆ ಹೋಗುವ ಊರು ಅಷ್ಟೇ.

ಪಾರೋ ಕಣಿವೆಯ ನೆಲವೇ ಸುಮಾರು 2,200 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ! ವಿಮಾನ ಇಳಿಯುವುದೂ ಇಲ್ಲೇ. ಬಂಡೆಗೆ ಅಂಟಿಕೊಂಡಂತಿರುವ ತಕ್ತ್‌ಸಾಂಗ್ ಮಠ ಇನ್ನೂ 900 ಮೀಟರ್ ಮೇಲಿದೆ. ಇದನ್ನು ಕಟ್ಟಿದ್ದು 1692ರಲ್ಲಿ. 1998ರ ಬೆಂಕಿಯಲ್ಲಿ ಸುಟ್ಟ ಮೇಲೆ ಮತ್ತೆ ಕಟ್ಟಿದರು. ಹಿಮಾಲಯದಲ್ಲಿ ಬೌದ್ಧ ಧರ್ಮ ಹರಡಿದ ಗುರು ಪದ್ಮಸಂಭವ ಹೆಣ್ಣು ಹುಲಿಯ ಬೆನ್ನೇರಿ ಇಲ್ಲಿಗೆ ಹಾರಿ ಬಂದ ಎನ್ನುತ್ತದೆ ಕತೆ. ಬೈಲಕುಪ್ಪೆಯ ಚಿನ್ನದ ಬಣ್ಣದ ದೊಡ್ಡ ಮೂರ್ತಿಗಳನ್ನು ನೋಡಿದ್ದೀರಲ್ವಾ? ಅವುಗಳಲ್ಲಿ ಒಂದು ಈತನದೇ.

ರಾಜಧಾನಿ ಥಿಂಫು ಪಾರೋಗಿಂತ ಸ್ವಲ್ಪ ಎತ್ತರ. ಟ್ರಾಫಿಕ್ ಸಿಗ್ನಲ್ ದೀಪಗಳಿಲ್ಲದ, ಪೊಲೀಸರು ಕೈಯಲ್ಲೇ ವಾಹನ ನಡೆಸುವ ಊರು ಎಂದೇ ಎಲ್ಲರೂ ಬರೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪುನಾಖಾ. ಥಿಂಫುವಿನಿಂದ 3,100 ಮೀಟರ್ ಎತ್ತರದ ದೋಚುಲಾ ಹತ್ತಿ, ಅಲ್ಲಿನ 108 ಸ್ತೂಪಗಳನ್ನು ದಾಟಿ, ಸುಮಾರು 1,200 ಮೀಟರ್‌ಗೆ ಇಳಿದರೆ ಬತ್ತದ ಗದ್ದೆಗಳು ಶುರು. ಫೋ ಛು ಗಂಡು ನದಿ, ಮೋ ಛು ಹೆಣ್ಣು ನದಿ. ಇವೆರಡೂ ಸೇರುವ ಜಾಗದಲ್ಲಿ ಭೂತಾನನ್ನು ಒಂದುಗೂಡಿಸಿದ ಧರ್ಮಗುರು ಶಬ್ದ್ರುಂಗ್ ನಗವಾಂಗ್ ನಮ್ಗ್ಯಾಲ್ 1637ರಲ್ಲಿ ಜೊಂಗ್ ಕಟ್ಟಲು ಶುರು ಮಾಡಿದರು. ಮೊದಲ ರಾಜ ಉಗ್ಯೆನ್ ವಾಂಗ್‌ಚುಕ್ 1907ರಲ್ಲಿ ಪಟ್ಟಕ್ಕೆ ಬಂದದ್ದೂ ಇಲ್ಲೇ. ನದಿ ಪಕ್ಕ ಇರುವುದು ಚೆಂದ, ಆದರೆ ಪುಕ್ಕಟೆಯಲ್ಲ: 1994ರಲ್ಲಿ ಮೇಲಿನ ಹಿಮಸರೋವರ ಒಡೆದು ಪ್ರವಾಹ ಜೊಂಗ್‌ವರೆಗೂ ನುಗ್ಗಿತ್ತು.

ಚಳಿಗಾಲದಲ್ಲಿ ಥಿಂಫುವಿನ ಮುಖ್ಯ ಮಠದ ಲಾಮಾಗಳು ಪುನಾಖಾಗೆ ಇಳಿದು ಬರುತ್ತಾರೆ. ಕಾರಣ ಸುಲಭ, ಇಲ್ಲಿ ಬೆಚ್ಚಗಿರುತ್ತದೆ.

ಅದೇ ಚಳಿಗೆ ಕಪ್ಪು ಕೊರಳಿನ ಕ್ರೌಂಚ ಹಕ್ಕಿಗಳು ಸುಮಾರು 3,000 ಮೀಟರ್ ಎತ್ತರದ ಫೋಬ್ಜಿಖಾಗೆ ಬರುತ್ತವೆ! ಮೊದಲು ನನಗೆ ಇದು ಉಲ್ಟಾ ಅನಿಸಿತ್ತು. ಅವು ಬರುವುದು ಟಿಬೆಟ್‌ನಿಂದ. ಆ ಎತ್ತರಕ್ಕೆ ಹೋಲಿಸಿದರೆ ಇದೂ ತಗ್ಗೇ. ಹಾರುವಾಗ ತಂತಿಗೆ ತಗಲಬಾರದೆಂದು ಈ ಕಣಿವೆಯಲ್ಲಿ ವಿದ್ಯುತ್ ತಂತಿಗಳನ್ನು ನೆಲದೊಳಗೆ ಹೂತಿದ್ದಾರೆ.