ಸಂಜೆ ಐದೂವರೆಯ ಬೆಳದಿಂಗಳು

"ಮಾಮಾ, ಇದು ರಾತ್ರಿ ಅನಸವಲ್ದು ನೋಡ್ರಿ. ಮಳಿಗಾಲದಾಗ ಮಧ್ಯಾಹ್ನ ಮ್ವಾಡ ಆದಂಗ ಆಗೇತಿ."

ಹುಬ್ಬಳ್ಳಿಯಲ್ಲಿ ಸಣ್ಣದೊಂದು ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ನನ್ನ ತಂಗಿಯ ಮಗ ಕಂಪ್ಯೂಟರಿನ ಮುಂದೆ ತಲೆ ಕೆರೆದುಕೊಳ್ಳುತ್ತ ಕೂತಿದ್ದ. ಉಣಕಲ್ ಕೆರೆಯ ದಂಡೆಯಲ್ಲಿ ತೆಗೆದ ಪ್ರೀ-ವೆಡ್ಡಿಂಗ್ ಫೋಟೊ. ಜೋಡಿಗೆ ಬೆಳದಿಂಗಳು ಬೇಕು. ಆದರೆ ಹುಡುಗಿ ಕತ್ತಲಾಗುವ ಮೊದಲೇ ಗದಗಿನ ಬಸ್ಸು ಹತ್ತಬೇಕಿತ್ತು. ಹಾಗಾಗಿ ಜನವರಿಯ ಆ ಸಂಜೆ ಐದೂವರೆಗೇ ಶೂಟಿಂಗ್ ಮುಗಿಸಿದ್ದರು. ರಾತ್ರಿಯನ್ನು ಇನ್ನು ಸ್ಟುಡಿಯೊದಲ್ಲೇ ಮಾಡಬೇಕು.

ಅಳಿಯ ಎಲ್ಲರೂ ಮೊದಲು ಮಾಡುವುದನ್ನೇ ಮಾಡಿದ್ದ: ಬ್ರೈಟ್‌ನೆಸ್ ಇಳಿಸಿದ್ದ. ಕೆರೆ ಕಪ್ಪಾಗಿತ್ತು, ಆದರೆ ಹುಡುಗಿಯ ಇಳಕಲ್ ಸೀರೆ ಮಸುಕಾಗಿ ಕೆಂಪಾಗಿಯೇ, ದಂಡೆಯ ಹುಲ್ಲು ಹಸಿರಾಗಿಯೇ ಕೂತಿದ್ದವು. ಬೆಳಕು ಕಡಿಮೆಯಾದ ಹಗಲಿಗೇ ಅಲ್ಲವೇ ರಾತ್ರಿ ಅನ್ನುವುದು ಎಂದು ಅವನ ವಾದ. ನಲವತ್ತು ವರ್ಷ ಭೌತಶಾಸ್ತ್ರ ಹೇಳಿದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಟ್ಟಾನೆಯೇ? ಕುರ್ಚಿ ಎಳೆದುಕೊಂಡು ಕೂತೆ.

ಕ್ಯಾಮೆರಾದ ಮಟ್ಟಿಗೆ ಅವನ ಮಾತು ಸರಿ. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸುಮಾರು 1 ಲಕ್ಷ ಲಕ್ಸ್ ಬೆಳಕು ಸುರಿದರೆ, ನೆತ್ತಿಯ ಮೇಲಿನ ಹುಣ್ಣಿಮೆ ಚಂದ್ರ ಕೊಡುವುದು ಹೆಚ್ಚೆಂದರೆ ಕಾಲು ಲಕ್ಸ್. ನಾಲ್ಕು ಲಕ್ಷ ಪಟ್ಟು ಕಡಿಮೆ. ಆದರೆ ಕ್ಯಾಮೆರಾಕ್ಕೆ ತಾಳ್ಮೆ ಇದೆ. ಬೆಳಕಿಗೆ ಕ್ಯಾಮೆರಾದ ಚುರುಕನ್ನು ಹೇಳುವ ಐಎಸ್‌ಒ ಅನ್ನು 1600ಕ್ಕೆ ಏರಿಸಿ, ಲೆನ್ಸಿನ ಕಿಂಡಿಯನ್ನು ಎಫ್ 2.8ರಷ್ಟು ಅಗಲಕ್ಕೆ ತೆರೆದು, ಸ್ಟ್ಯಾಂಡಿನ ಮೇಲೆ ಎಂಟು ಸೆಕೆಂಡು ಬಿಟ್ಟರೆ ಬೆಳದಿಂಗಳಲ್ಲೂ ಹಗಲಿನಂಥದೇ ಚಿತ್ರ ಬರುತ್ತದೆ: ನೀಲಿ ಆಕಾಶ, ಹಸಿರು ಹುಲ್ಲು, ಕೆಂಪು ಸೀರೆ. ಅಲ್ಲಲ್ಲಿ ಕಾಣುವ ಚಿಕ್ಕೆಗಳಿಂದಷ್ಟೇ ಅದು ರಾತ್ರಿ ಎಂದು ಗೊತ್ತಾದೀತು.

ಇನ್ನೂ ವಿಚಿತ್ರವೆಂದರೆ ಬೆಳದಿಂಗಳು ನೀಲಿಯೇ ಅಲ್ಲ. ಚಂದ್ರನ ನೆಲ ಸವೆದ ಡಾಂಬರು ರಸ್ತೆಯಷ್ಟು ಮಂಕು, ಬಿದ್ದ ಬೆಳಕಿನಲ್ಲಿ ಸುಮಾರು 12 ಪ್ರತಿಶತವನ್ನಷ್ಟೇ ಮರಳಿಸುತ್ತದೆ. ಅದರಲ್ಲೂ ನೀಲಿಗಿಂತ ಕೆಂಪನ್ನು ತುಸು ಹೆಚ್ಚು. ಅಳತೆಗೆ ಸಿಕ್ಕುವ ಬೆಳದಿಂಗಳು ಬಿಸಿಲಿಗಿಂತ ಹಳದಿ. ಹಾಗಾದರೆ ಸಿನಿಮಾದವರೂ ಕ್ಯಾಲೆಂಡರಿನವರೂ ರಾತ್ರಿಗೆ ನೀಲಿ ಬಳಿಯುವುದು ಯಾಕೆ?

ಉತ್ತರ ನಮ್ಮ ಕಣ್ಣಿನಲ್ಲಿದೆ. 1819ರ ಸುಮಾರಿಗೆ ಬೊಹೀಮಿಯದ (ಈಗಿನ ಚೆಕ್ ದೇಶದ) ವೈದ್ಯ ಯಾನ್ ಪುರ್ಕಿನ್ಯೆ ನಸುಕಿನಲ್ಲಿ ಅಡ್ಡಾಡಲು ಹೋಗುತ್ತಿದ್ದ. ಬಿಸಿಲಿನಲ್ಲಿ ಧಗಧಗಿಸುವ ಕೆಂಪು ಹೂಗಳು ಆ ಹೊತ್ತಿನಲ್ಲಿ ಕಪ್ಪಗೆ ಕಾಣುತ್ತಿದ್ದವು, ಪಕ್ಕದ ಎಲೆಗಳೇ ಅವಕ್ಕಿಂತ ಬೆಳ್ಳಗೆ. ಹೂವು ಬದಲಾಗಿಲ್ಲ, ನೋಡುವ ಯಂತ್ರ ಬದಲಾಗಿದೆ ಎಂದು ಅವನಿಗೆ ಹೊಳೆಯಿತು. ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಪಾಳಿಯ ಕೆಲಸಗಾರರಿದ್ದಾರೆ. ಹಗಲು ಪಾಳಿಗೆ ಸುಮಾರು 60 ಲಕ್ಷ ಶಂಕು ಕೋಶಗಳು. ಬಣ್ಣ, ಸೂಕ್ಷ್ಮ ವಿವರ ಎಲ್ಲ ಅವುಗಳ ಕೆಲಸ. ರಾತ್ರಿ ಪಾಳಿಗೆ ಸುಮಾರು 12 ಕೋಟಿ ದಂಡ ಕೋಶಗಳು. ಇವಕ್ಕೆ ಬಣ್ಣ ತಿಳಿಯದು, ಬೆಳಕು ಎಷ್ಟಿದೆ ಅನ್ನುವುದಷ್ಟೇ. ಹಗಲುಗಣ್ಣು ಅತಿ ಚುರುಕಾಗಿರುವುದು 555 ನ್ಯಾನೊಮೀಟರ್ ತರಂಗಾಂತರದ ಹಳದಿ-ಹಸಿರಿಗೆ. ಇರುಳುಗಣ್ಣು 500ರ ಆಸುಪಾಸಿನ ನೀಲಿ-ಹಸಿರಿಗೆ. ಕಡುಗೆಂಪು ಅದಕ್ಕೆ ಕಾಣುವುದೇ ಇಲ್ಲವೆನ್ನಬಹುದು. ಆ ಬಣ್ಣಗೇಡಿ ಬೆಳಕನ್ನು ಮಿದುಳು ನೀಲಿಯೆಂದೇ ಯಾಕೆ ಓದುತ್ತದೆ ಎಂಬುದರ ಮೇಲೆ ಇನ್ನೂ ಚರ್ಚೆ ನಡೆದಿದೆ. ಓದುತ್ತದೆ ಅನ್ನುವುದಂತೂ ನಿಜ.

ಅಂದಮೇಲೆ ಎಡಿಟಿಂಗ್ ಮಾಡುವವನು ಚಿತ್ರಿಸಬೇಕಾದದ್ದು ಈ ಇರುಳುಗಣ್ಣನ್ನು. ಕೆಂಪು, ಹಸಿರು, ನೀಲಿಗಳ ಪಾಲು ಬದಲಿಸುವ ಚಾನೆಲ್ ಮಿಕ್ಸರಿನಲ್ಲಿ ಕೆಂಪಿನ ಪಾಲು ಇಳಿಸಿಸಿದೆ. ಸೀರೆ ನೋಡನೋಡುತ್ತ ಕಪ್ಪಾಯಿತು, ಹುಲ್ಲು ಬೂದಿ-ಬೆಳ್ಳಗಾಯಿತು. ಸ್ಯಾಚುರೇಶನ್, ಅಂದರೆ ಬಣ್ಣಗಳ ಗಾಢತೆ, ಮುಕ್ಕಾಲು ಇಳಿಸಿ ಮೇಲೊಂದು ತೆಳು ನೀಲಿ ಲೇಯರ್. ಕಣ್ಣಿನ ನಟ್ಟನಡುವೆ ದಂಡ ಕೋಶಗಳೇ ಇಲ್ಲ, ಅದಕ್ಕೇ ಬೆಳದಿಂಗಳಲ್ಲಿ ಪೇಪರು ಓದಲಾಗುವುದಿಲ್ಲ. ಆ ನೆಪದಲ್ಲಿ ಚಿತ್ರವನ್ನೂ ಒಂಚೂರು ಮಸುಕು ಮಾಡಿದೆವು. ಈಗ ಮ್ವಾಡ ಹೋಗಿ ರಾತ್ರಿ ಬಂತು.

"ಇನ್ನ ಚಂದ್ರನ್ನ ಇಡೂಣು" ಎಂದು ಅಳಿಯ ಎಲ್ಲಿಂದಲೋ ತಂದಿದ್ದ ಚಂದ್ರನನ್ನು ಅಂಟಿಸಿದ. ಜಾತ್ರೆಯ ಫುಗ್ಗದಂತಿತ್ತು. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. ಚಾಚಿದ ಕೈಯ ಕಿರುಬೆರಳು ಅವನನ್ನು ಪೂರ್ತಿ ಮುಚ್ಚಿ ಮಿಗುತ್ತದೆ. ಮೊಬೈಲಿನ ಸಾಮಾನ್ಯ ಲೆನ್ಸಿನಲ್ಲಿ ತೆಗೆದು 12 ಇಂಚು ಅಗಲದ ಪ್ರಿಂಟ್ ಹಾಕಿದರೆ ಅವನು ಎರಡೇ ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಆದರೆ ದಿಗಂತದ ಚಂದ್ರನನ್ನು ಮಿದುಳೇ ದೊಡ್ಡದು ಮಾಡಿ ತೋರಿಸುತ್ತದಾದ್ದರಿಂದ ಎರಡು-ಮೂರು ಪಟ್ಟು ಹಿಗ್ಗಿಸಿದರೆ ನನ್ನ ತಕರಾರಿಲ್ಲ. ಇವನದು ಇಪ್ಪತ್ತು ಪಟ್ಟಿತ್ತು.

ನಿಜವಾದ ಎಡವಟ್ಟು ಬೇರೆಯೇ. ಚಂದ್ರ ಜೋಡಿಯ ಬೆನ್ನ ಹಿಂದೆ. ಜೋಡಿಯ ನೆರಳುಗಳೂ ಅವನತ್ತಲೇ ಬಿದ್ದಿವೆ! ಸೂರ್ಯ ಕ್ಯಾಮೆರಾದ ಹಿಂದಿದ್ದಾಗ ತೆಗೆದ ಫೋಟೊ ಅದು. ಸೂರ್ಯಚಂದ್ರರು ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಅಗಲ, ಹಾಗಾಗಿ ನೆರಳಿನ ಅಂಚಿನ ಹದವೂ ಒಂದೇ. ಬಿಸಿಲ ನೆರಳು ಬೆಳದಿಂಗಳಿಗೆ ನಡೆಯುತ್ತದೆ. ದಿಕ್ಕು ತಪ್ಪಿದರೆ ಮಾತ್ರ ಉಳಿಗಾಲವಿಲ್ಲ.

"ಸೂರ್ಯನ ಕಡೆ ಮುಖ ಮಾಡಿ ತಗದದ್ದು ಒಂದೂ ಇಲ್ಲೇನೋ?"

"ಒಂದೈತ್ರಿ, ಕೆಟ್ಟೋಗೇತಿ. ಇಬ್ಬರ ಮಕಾನೂ ಕರ‍್ರಗ."

ತೆಗೆಸಿ ನೋಡಿದೆ. ನಮಗೆ ಬೇಕಾದದ್ದು ಅದೇ! ಕೆರೆಯ ಮೇಲೆ ಇಳಿಯುತ್ತಿದ್ದ ಸೂರ್ಯ ಸುಟ್ಟು ಬಿಳಿ ಬೊಟ್ಟಾಗಿದ್ದ. ಅವನ ಕೆಳಗೆ ನೇರವಾಗಿ ದಂಡೆಯವರೆಗೆ ಹೊಳೆಯುವ ಹಾದಿ. ನೀರು ಕನ್ನಡಿಯಷ್ಟು ನಿಂತಿದ್ದರೆ ಒಂದೇ ಪ್ರತಿಬಿಂಬ ಕಾಣುತ್ತಿತ್ತು. ಗಾಳಿಗೆ ಎದ್ದ ಒಂದೊಂದು ಕಿರುಅಲೆಯೂ ಓರೆ ಹಿಡಿದ ಕನ್ನಡಿ. ನಮ್ಮ ಕಣ್ಣಿಗೆ ಬೆಳಕು ತಿರುಗಿಸುವಷ್ಟು ಓರೆಯಾದವು ಮಾತ್ರ ಮಿಂಚಿ, ಎಲ್ಲ ಸೇರಿ ನಮ್ಮತ್ತ ಚಾಚಿದ ಪಟ್ಟಿಯಾಗುತ್ತವೆ. ಇದನ್ನು ಕೈಯಿಂದ ಬರೆಯಲು ಹೋದರೆ ದಿನವೇ ಹೋದೀತು. ಸುಟ್ಟ ಸೂರ್ಯನ ಮೇಲೆ ಅಷ್ಟೇ ಗಾತ್ರದ ಚಂದ್ರನನ್ನು ಕೂರಿಸಿದರೆ ಮುಗಿಯಿತು.

ಚಿಕ್ಕೆಗಳನ್ನು ಅಳಿಯ ಬ್ರಷ್ಷಿನಲ್ಲಿ ಮೊಗೆಮೊಗೆದು ಚೆಲ್ಲಿದ್ದ, ಅಳಿಸಿಸಿದೆ; ಹುಣ್ಣಿಮೆಯ ಬೆಳಕಿನೆದುರು ಉಳಿಯುವವು ದೊಡ್ಡವು ಮಾತ್ರ. ಕತ್ತಲ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳೆದ್ದವು. ಎಂಟು ಬಿಟ್ ಚಿತ್ರದಲ್ಲಿ ಒಂದು ಬಣ್ಣಕ್ಕೆ 256 ಹಂತಗಳಷ್ಟೇ, ಕಡುಗಪ್ಪಿನ ಪಾಲಿಗೆ ಬೆರಳೆಣಿಕೆಯವು. ಒಂಚೂರು ನಾಯ್ಸ್, ಅಂದರೆ ಮರಳಿನಂಥ ಸಣ್ಣ ಚುಕ್ಕೆ, ಉದುರಿಸಿದಾಗ ಪಟ್ಟೆ ಕರಗಿದವು.

ಕೊನೆಗೆ ಮೂಲೆಯಲ್ಲಿದ್ದ ಗಿರಮಿಟ್ ಗಾಡಿಯ ಬಲ್ಬು ಹೊತ್ತಿಸಿದೆವು, ಹಳದಿ ಬಣ್ಣದ ಒಂದು ಬೊಟ್ಟು. ಅಷ್ಟು ಬೆಳಕಿದ್ದಲ್ಲಿ ಶಂಕು ಕೋಶಗಳು ಎಚ್ಚರಾಗುತ್ತವೆ, ಬಣ್ಣ ಮರಳುತ್ತದೆ. ಹಾಗಾಗಿ ಗಾಡಿಯ ಸುತ್ತ ಮಾಸ್ಕ್ ಹಾಕಿ, ಅಂದರೆ ಅಷ್ಟು ಜಾಗವನ್ನು ಬೇರೆಯಾಗಿ ಗುರುತಿಸಿ, ಮೂಲ ಬಣ್ಣ ಬಿಟ್ಟೆವು. ಸುತ್ತಲ ನೀಲಿಯೆಲ್ಲ ಆ ಹಳದಿಗೆ ಇನ್ನಷ್ಟು ತಂಪಾಯಿತು. ಪಡುವಣಕ್ಕೆ ಇಳಿದ ಹುಣ್ಣಿಮೆ ಚಂದ್ರ ಎಂದರೆ ನಸುಕಿನ ಹೊತ್ತು, ಆಗ ಗಿರಮಿಟ್ ಮಾರುವವರು ಯಾರು ಅಂತ ನಾನು ಕೇಳಲು ಹೋಗಲಿಲ್ಲ.

ಮರುದಿನ ಹುಡುಗಿಯ ತಾಯಿ ಫೋನ್ ಮಾಡಿದ್ದರಂತೆ. ಫೋಟೊ ಭಾಳ ಚಂದ ಬಂದೇತಿ, ಆದರ ಅಷ್ಟು ರೊಕ್ಕ ಕೊಟ್ಟು ತಂದ ಕೆಂಪು ಸೀರಿ ಯಾಕ ಕರ‍್ರಗ ಕಾಣತೈತಿ ಎಂದು. ಅಳಿಯ ನನ್ನ ಮುಖ ನೋಡಿದ. ನಾನು ಪುರ್ಕಿನ್ಯೆಯ ಕತೆ ತೆಗೆಯುವಷ್ಟರಲ್ಲಿ ಅವನು ಸೀರೆಯ ಮೇಲೊಂದು ಮಾಸ್ಕ್ ಹಾಕಿ ಕೆಂಪಿನ ಸ್ಲೈಡರ್ ಸರಿಸಿಯಾಗಿತ್ತು.