ಮೊದಲು ತಣ್ಣೀರು, ಆಮೇಲೆ ಸಾಲ್ಮನ್: ಮಿಶಿಗನ್ ಸರೋವರದ ಟ್ರೋಲಿಂಗ್ ಟಿಪ್ಪಣಿ

ಟ್ರೋಲಿಂಗ್ ಅಂದರೆ ನಿಧಾನವಾಗಿ ಓಡುವ ದೋಣಿಯ ಹಿಂದೆ ಗಾಳ ಎಳೆಯುತ್ತಾ ಹೋಗಿ ಮೀನು ಹಿಡಿಯುವುದು. ಮಲ್ಪೆಯ ಟ್ರಾಲರ್ ಬೋಟುಗಳು ಬಲೆ ಎಳೆಯುವುದು ಬೇರೆ ಕೆಲಸ. ಇಲ್ಲಿ ಬಲೆ ಇಲ್ಲ. ಗಾಳದ ಕೋಲು, ರೀಲು, ದಾರ, ತುದಿಯಲ್ಲಿ ಸಣ್ಣ ಮೀನಿನ ಹಾಗೆ ಹೊಳೆಯುವ ಒಂದು ತಗಡು. ಆ ತಗಡಿಗೆ ಸ್ಪೂನ್ ಅಂತಾರೆ.

ಅಮೆರಿಕದಲ್ಲಿ, ಮಿಶಿಗನ್ ಸರೋವರದ ದಡದ ಚಿಕಾಗೊ, ಮಿಲ್ವಾಕಿ ಕಡೆ ಇರುವ ನಮ್ಮವರು ಬೇಸಿಗೆಯಲ್ಲಿ ಬಾಡಿಗೆಯ ಚಾರ್ಟರ್ ದೋಣಿ ಹತ್ತಿ ಹೋಗಿಬರುವುದುಂಟು. ಕ್ಯಾಪ್ಟನ್ ಎಲ್ಲಾ ಕಟ್ಟಿಕೊಡುತ್ತಾನೆ, ನಾವು ರೀಲು ಸುತ್ತುತ್ತೇವೆ. ಅವನು ಯಾಕೆ ಹಾಗೆ ಮಾಡುತ್ತಾನೆ ಅಂತ ತಿಳಿದುಕೊಳ್ಳಬೇಕು ಅನ್ನುವವರಿಗೆ ಈ ಟಿಪ್ಪಣಿ.

ಹೊಸಬರು ಮೊದಲು ಕೇಳುವುದು "ಯಾವ ಬಣ್ಣದ ಸ್ಪೂನ್ ಹಾಕಲಿ?" ಅಂತ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಿದರೂ ಸಾಕು. ಇವತ್ತು ತಣ್ಣೀರು ಎಷ್ಟು ಆಳದಲ್ಲಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಅಲ್ಲಿನ ದೋಣಿಗಳಲ್ಲಿ ಎಲ್ಲವೂ ಅಡಿ, ಮೈಲಿ, ಪೌಂಡು, ಫ್ಯಾರನ್‌ಹೀಟ್. ಇಲ್ಲೂ ಹಾಗೇ ಬರೆದಿದ್ದೇನೆ. ಬರೀ ಡಿಗ್ರಿ ಅಂದರೆ ಫ್ಯಾರನ್‌ಹೀಟ್. 50 ಡಿಗ್ರಿ ಅಂದರೆ 10 ಸೆಲ್ಸಿಯಸ್, 68 ಅಂದರೆ 20 ಸೆಲ್ಸಿಯಸ್. ಇವೆರಡು ನೆನಪಿದ್ದರೆ ನಡುವಿನದನ್ನು ಅಂದಾಜು ಮಾಡಬಹುದು.

ನೀರಿನ ಪದರಗಳು

ಮಿಶಿಗನ್ ಸರೋವರ ಸುಮಾರು 490 ಕಿ.ಮೀ. ಉದ್ದ. ಅಗಲ ಜಾಸ್ತಿ ಇರುವ ಕಡೆ 190 ಕಿ.ಮೀ. ಅತಿ ಆಳದ ಜಾಗ 281 ಮೀಟರ್, ಅಂದರೆ 923 ಅಡಿ. ಇಷ್ಟು ನೀರಿನಲ್ಲಿ ಮೀನನ್ನು ಎಲ್ಲಿ ಅಂತ ಹುಡುಕುವುದು?

ಸಿಹಿನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಸುಮಾರು 39 ಫ್ಯಾರನ್‌ಹೀಟ್‌ನಲ್ಲಿ. ಬೇಸಿಗೆಯ ಬಿಸಿಲಿಗೆ ಮೇಲಿನ ನೀರು ಕಾಯುತ್ತದೆ, ಹಗುರಾಗುತ್ತದೆ, ಮೇಲೇ ಉಳಿಯುತ್ತದೆ. ತಳದ ತಣ್ಣೀರು ಭಾರ. ಅದು ಕೆಳಗೇ ಇರುತ್ತದೆ. ಗಾಳಿ ಬೀಸಿದರೆ ಮೇಲಿನ ಪದರ ಕಲಕುತ್ತದೆ, ಆ ಕಲಕಾಟ ತಳದ ತನಕ ಹೋಗುವುದಿಲ್ಲ. ಎರಡರ ನಡುವೆ ತೆಳುವಾದ ಒಂದು ಪದರ ಇದೆ. ಅಲ್ಲಿ ಸ್ವಲ್ಪ ಇಳಿದರೆ ಸಾಕು, ಹತ್ತು ಹದಿನೈದು ಡಿಗ್ರಿ ಕಡಿಮೆಯಾಗುತ್ತದೆ. ಇದೇ ಥರ್ಮೋಕ್ಲೈನ್. ಬಾವಿಯಲ್ಲಿ ಈಜು ಕಲಿತವರಿಗೆ ಇದು ಹೊಸದಲ್ಲ: ಎದೆಯ ಹತ್ತಿರ ಬೆಚ್ಚಗೆ, ಕಾಲಿನ ಹತ್ತಿರ ಕೊರೆಯುವ ಚಳಿ.

ಈಗ ಮೀನುಗಳಿಗೆ ಬರೋಣ. ಚಿನೂಕ್ ಸಾಲ್ಮನ್ ಅನ್ನು ಅಲ್ಲಿಯವರು ಕಿಂಗ್ ಅಂತಾರೆ. ಅದಕ್ಕೆ ಇಷ್ಟವಾದ ನೀರು 50ರಿಂದ 55 ಡಿಗ್ರಿ. ಕೋಹೊ ಸಾಲ್ಮನ್ ಕೂಡ ಸುಮಾರು ಅಲ್ಲೇ. ಸ್ಟೀಲ್‌ಹೆಡ್ ಅಂದರೆ ದೊಡ್ಡ ನೀರಿಗೆ ಹೋಗಿ ಬೆಳೆಯುವ ರೇನ್‌ಬೋ ಟ್ರೌಟ್. ಅದಕ್ಕೆ 55ರಿಂದ 60. ಬ್ರೌನ್ ಟ್ರೌಟ್ 60 ದಾಟಿದರೂ ತಡೆದುಕೊಳ್ಳುತ್ತದೆ. ಲೇಕ್ ಟ್ರೌಟ್‌ಗೆ ಮಾತ್ರ 50ರ ಒಳಗೇ ಬೇಕು, ಅದು ತಳ ಬಿಟ್ಟು ಬರುವುದು ಕಡಿಮೆ. ಇವು ಕಟ್ಟುನಿಟ್ಟಿನ ಗೆರೆಗಳಲ್ಲ. ಊಟ ಇದ್ದರೆ ಕಿಂಗ್ 44 ಡಿಗ್ರಿಗೂ ಇಳಿಯುತ್ತದೆ. ಆದರೂ ಜುಲೈ, ಆಗಸ್ಟ್‌ನಲ್ಲಿ ಬೆಚ್ಚಗಿನ ಮೇಲ್ಪದರದಲ್ಲಿ ಕಿಂಗ್ ಹುಡುಕುವುದು ಸುಮ್ನೆ ಡೀಸೆಲ್ ಸುಟ್ಟ ಹಾಗೆ.

ವಸಂತದಲ್ಲಿ ಲೆಕ್ಕ ತಿರುಗುಮುರುಗು. ಏಪ್ರಿಲ್‌ನಲ್ಲಿ ಇಡೀ ಸರೋವರವೇ ತಣ್ಣಗಿರುತ್ತದೆ. ಆಗ ಮೀನು ಹುಡುಕುವುದು ಬೆಚ್ಚಗಿನ ನೀರನ್ನು. ದಕ್ಷಿಣದ ತುದಿ, ಇಂಡಿಯಾನಾ ರಾಜ್ಯದ ಕಡೆಯ ಆಳ ಕಡಿಮೆಯಿರುವ ನೀರು ಮೊದಲು ಕಾಯುತ್ತದೆ. ಕೋಹೊ ಅಲ್ಲಿ ಗುಂಪುಕಟ್ಟುತ್ತದೆ.

ಸಾಲ್ಮನ್ ಅಲ್ಲಿಗೆ ಬಂದದ್ದು ಹೇಗೆ

ಮೇಲೆ ಹೇಳಿದ ಐದರಲ್ಲಿ ಲೇಕ್ ಟ್ರೌಟ್ ಒಂದೇ ಅಲ್ಲಿನದು. ಉಳಿದವನ್ನು ಮನುಷ್ಯರು ತಂದು ಬಿಟ್ಟದ್ದು. ಈ ಕಥೆ ಗೊತ್ತಿಲ್ಲದಿದ್ದರೆ ಸ್ಪೂನ್ ಯಾಕೆ ಬೆಳ್ಳಿ ಬಣ್ಣದ್ದು ಅನ್ನುವುದೂ ಗೊತ್ತಾಗುವುದಿಲ್ಲ.

ನಯಾಗರ ಜಲಪಾತ ಅಡ್ಡ ಇದ್ದದ್ದರಿಂದ ಅಟ್ಲಾಂಟಿಕ್ ಕಡೆಯ ಜೀವಿಗಳು ಮಿಶಿಗನ್, ಹ್ಯೂರನ್‌ನಂಥ ಮೇಲಿನ ಸರೋವರಗಳಿಗೆ ಹತ್ತುವ ಹಾಗಿರಲಿಲ್ಲ. 1829ರಲ್ಲಿ ಹಡಗುಗಳಿಗಾಗಿ ವೆಲ್ಯಾಂಡ್ ಕಾಲುವೆ ತೆರೆದರು. ಜಲಪಾತವನ್ನು ಬಳಸಿಕೊಂಡು ಹೋಗುವ ದಾರಿ ಆಯಿತು. ಮುಂದೆ ಆ ದಾರಿಯಲ್ಲಿ ಸೀ ಲ್ಯಾಂಪ್ರೆ ಬಂತು. ಹಾವಿನಂಥ ಮೈ, ಗುಂಡನೆಯ ಬಾಯಿ ತುಂಬ ಹಲ್ಲು. ಮೀನಿಗೆ ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಮಿಶಿಗನ್ ಸರೋವರದಲ್ಲಿ ಅದು 1936ರಲ್ಲಿ ಕಂಡಿತು. ಅದರ ಕಾಟದ ಜೊತೆಗೆ ವಿಪರೀತ ಮೀನುಗಾರಿಕೆಯೂ ಸೇರಿ 1950ರ ದಶಕದಲ್ಲಿ ಲೇಕ್ ಟ್ರೌಟ್ ಅಲ್ಲಿ ಇಲ್ಲವಾಯಿತು. ಈಗ ಇರುವುದು ಮತ್ತೆ ತಂದು ಬೆಳೆಸಿದ್ದು.

ದೊಡ್ಡ ಮೀನು ಹೋದಮೇಲೆ ಸಣ್ಣ ಮೀನಿಗೆ ಹೇಳುವವರು ಕೇಳುವವರು ಇಲ್ಲ, ಅಲ್ವಾ? 1949ರಲ್ಲಿ ಅಲ್ಲಿ ಕಾಣಿಸಿಕೊಂಡ ಏಲ್‌ವೈಫ್ ಅನ್ನುವ ಗೇಣುದ್ದದ ಬೆಳ್ಳಿ ಮೀನು ಮಿತಿಮೀರಿ ಹೆಚ್ಚಿತು. 1967ರ ಬೇಸಿಗೆಯಲ್ಲಿ ಲೆಕ್ಕವಿಲ್ಲದಷ್ಟು ಸತ್ತು ಚಿಕಾಗೊದ ದಡದಲ್ಲಿ ರಾಶಿ ಬಿದ್ದವು. ಬುಲ್ಡೋಜರ್ ತಂದು ಎತ್ತಿಸಬೇಕಾಯಿತು. ಅಷ್ಟರಲ್ಲಿ ಮಿಶಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಒಂದು ಸಾಹಸಕ್ಕೆ ಕೈಹಾಕಿದ್ದರು. ಏಲ್‌ವೈಫ್ ತಿನ್ನಲು ಪೆಸಿಫಿಕ್ ಸಾಲ್ಮನ್ ತರುವುದು. 1966ರಲ್ಲಿ ಕೋಹೊ ಮರಿ ಬಿಟ್ಟರು, ಮರುವರ್ಷ ಚಿನೂಕ್. ತಿನ್ನಲು ಬೇಕಾದಷ್ಟಿತ್ತು, ಮರಿಗಳು ಭರದಿಂದ ಬೆಳೆದವು. ದೋಣಿ, ರೀಲು, ಚಾರ್ಟರ್‌ಗಳ ಒಂದು ಹೊಸ ವ್ಯಾಪಾರವೇ ಹುಟ್ಟಿತು.

ಕಿಂಗ್‌ಗೆ ಏಲ್‌ವೈಫ್ ಬಿಟ್ಟರೆ ಬೇರೆ ಊಟ ರುಚಿಸುವುದಿಲ್ಲ ಅಂತಲೇ ಹೇಳಬೇಕು. ಪಕ್ಕದ ಹ್ಯೂರನ್ ಸರೋವರದಲ್ಲಿ 2004ರ ಸುಮಾರಿಗೆ ಏಲ್‌ವೈಫ್ ಕುಸಿಯಿತು, ಹಿಂದೆಯೇ ಕಿಂಗ್ ಕೂಡ ಕುಸಿಯಿತು. ಲೇಕ್ ಟ್ರೌಟ್ ತಳದ ಗೋಬಿ ಮೀನನ್ನೂ ತಿನ್ನುತ್ತದೆ. ಸ್ಟೀಲ್‌ಹೆಡ್ ನೀರಿನ ಮೇಲೆ ಬಿದ್ದ ಹುಳುವನ್ನೂ ಬಿಡುವುದಿಲ್ಲ. ದಡದಿಂದ ದೂರ ನೊರೆ, ಕಸ, ಹುಳುಗಳು ಒಂದು ಗೆರೆಯಾಗಿ ತೇಲುತ್ತಿದ್ದರೆ ಕ್ಯಾಪ್ಟನ್ ಆ ಗೆರೆಯುದ್ದಕ್ಕೂ ದೋಣಿ ಓಡಿಸುವುದು ಇದಕ್ಕೇ.

ಗಾಳಿ ನೀರನ್ನು ತಿರುವಿ ಹಾಕುವುದು

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ನಡುಬೇಸಿಗೆ. ಪಶ್ಚಿಮ ದಡದಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಬಂದರಿನ ಹತ್ತಿರ ಮೇಲ್ನೀರು 68 ಡಿಗ್ರಿ. ಎರಡು ಮೂರು ದಿನದಲ್ಲಿ ಅದೇ ಜಾಗದಲ್ಲಿ 50. ಮಳೆ ಬಂದಿಲ್ಲ, ಹವೆ ತಣ್ಣಗಾಗಿಲ್ಲ. ಏನಾಯಿತು?

ಪಶ್ಚಿಮದ ಗಾಳಿ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಪೂರ್ವಕ್ಕೆ, ಮಿಶಿಗನ್ ರಾಜ್ಯದ ದಡದ ಕಡೆಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣೀರು ಏರುತ್ತದೆ. ಇದು ಸುಲಭವಾಗಿ ಅರ್ಥವಾಗುತ್ತದೆ. ದಕ್ಷಿಣದ ಗಾಳಿ ದಡದ ಉದ್ದಕ್ಕೆ ಬೀಸಿದರೂ ಹೀಗೇ ಆಗುತ್ತದೆ, ಅದು ಸ್ವಲ್ಪ ವಿಚಿತ್ರ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಚಲಿಸುವ ನೀರು ತನ್ನ ಬಲಕ್ಕೆ ವಾಲುತ್ತದೆ. ಗಾಳಿ ನೀರನ್ನು ಉತ್ತರಕ್ಕೆ ನೂಕುತ್ತದೆ, ಬಲಕ್ಕೆ ವಾಲಿದರೆ ಪೂರ್ವ. ಅಂದರೆ ವಿಸ್ಕಾನ್ಸಿನ್ ದಡದಿಂದ ದೂರ. ಎದುರು ದಡದಲ್ಲಿ ಇದೇ ಕೆಲಸವನ್ನು ಉತ್ತರದ ಗಾಳಿ ಮಾಡುತ್ತದೆ. ಒಂದು ಚೀಟಿಯ ಮೇಲೆ ಬಾಣ ಬರೆದು ನೋಡಿ, ಥಟ್ಟನೆ ಹೊಳೆಯುತ್ತದೆ.

ತಣ್ಣೀರು ದಡದ ಹತ್ತಿರ ಮೇಲೆದ್ದರೆ ಕಿಂಗ್ ಕೂಡ ದಡದ ಹತ್ತಿರ ಬರಬಹುದು. 100 ಅಡಿಗೆ ಇಳಿಸುತ್ತಿದ್ದ ಗಾಳ ಈಗ 30 ಅಡಿಗೆ ಸಾಕು. ಹಾಗಾಗಿ ಹೊರಡುವ ಮೊದಲು ಇವತ್ತಿನ ಗಾಳಿ ನೋಡಿದರೆ ಸಾಲದು, ಕಳೆದ ಮೂರು ದಿನದ ಗಾಳಿ ನೋಡಬೇಕು. ಅಮೆರಿಕದ ಹವಾಮಾನ ಸಂಸ್ಥೆ ನೋವಾ ಉಪಗ್ರಹದಿಂದ ತೆಗೆದ ಮೇಲ್ನೀರಿನ ಉಷ್ಣತೆಯ ನಕ್ಷೆ ಕೊಡುತ್ತದೆ. ಸರೋವರದಲ್ಲಿ ತೇಲುವ ಅದರ ಅಳತೆಯ ಬುರುಡೆಗಳೂ (ಬಾಯ್) ಲೆಕ್ಕ ಕಳಿಸುತ್ತಿರುತ್ತವೆ.

ಗಾಳವನ್ನು ಆಳಕ್ಕೆ ಇಳಿಸುವ ಸಾಮಾನು

ಡೌನ್‌ರಿಗ್ಗರ್ ಅಂದರೆ ಒಂದು ರಾಟೆ, ತಂತಿ, ತಂತಿಯ ತುದಿಗೆ 10 ಅಥವಾ 12 ಪೌಂಡಿನ ಗುಂಡು. ಗಾಳದ ದಾರವನ್ನು ಗುಂಡಿನ ಹತ್ತಿರದ ಕ್ಲಿಪ್ಪಿಗೆ ಸಿಕ್ಕಿಸಿ ಇಳಿಸುತ್ತಾರೆ. ಕೋಲು ಬಿಲ್ಲಿನಂತೆ ಬಗ್ಗಿ ನಿಂತಿರುತ್ತದೆ. ಮೀನು ಕಚ್ಚಿ ಎಳೆದಾಗ ದಾರ ಕ್ಲಿಪ್ಪಿನಿಂದ ಕಳಚುತ್ತದೆ, ಕೋಲು ಟಕ್ಕನೆ ನೆಟ್ಟಗಾಗುತ್ತದೆ, ಮರುಕ್ಷಣ ಮತ್ತೆ ಬಗ್ಗುತ್ತದೆ. ಆ ನೆಟ್ಟಗಾದ ಕ್ಷಣದಲ್ಲೇ ಬೇಗ ಬೇಗ ಸುತ್ತಿ ಸಡಿಲ ದಾರ ಎಳೆದುಕೊಳ್ಳಬೇಕು.

ತಂತಿಯ ಮೀಟರ್ 100 ಅಡಿ ಅಂದರೆ ಗುಂಡು 100 ಅಡಿಯಲ್ಲಿದೆ ಅಂತಲ್ಲ. ದೋಣಿ ಓಡುವಾಗ ತಂತಿ ಹಿಂದಕ್ಕೆ ವಾಲುತ್ತದೆ. ನೇರ ಕೆಳಗಿನಿಂದ 20 ಡಿಗ್ರಿ ಕೋನ ವಾಲಿದರೆ ಆಳ ಸುಮಾರು 94 ಅಡಿ, 30 ವಾಲಿದರೆ 87. ಹೈಸ್ಕೂಲಿನ ಕೊಸೈನ್ ಇಲ್ಲಿ ಕೆಲಸಕ್ಕೆ ಬಂತು.

ಡೈವರ್ ಒಂದು ತಟ್ಟೆ. ನೀರಿನ ಒತ್ತಡಕ್ಕೆ ತಾನೇ ಕೆಳಗೆ ಮತ್ತು ಪಕ್ಕಕ್ಕೆ ಮುಳುಗುತ್ತದೆ. ಪ್ಲೇನರ್ ಬೋರ್ಡ್ ನೀರಿನ ಮೇಲೇ ತೇಲುತ್ತಾ ದಾರವನ್ನು ದೋಣಿಯಿಂದ ದೂರ ಪಕ್ಕಕ್ಕೆ ಒಯ್ಯುತ್ತದೆ. ಅದರ ಜೊತೆ ಒಳಗೆ ಸೀಸದ ಎಳೆಯಿರುವ ಲೆಡ್‌ಕೋರ್ ದಾರ ಬಳಸುವುದು ಜಾಸ್ತಿ. ಈ ದಾರದ ಬಣ್ಣ 30 ಅಡಿಗೊಮ್ಮೆ ಬದಲಾಗುತ್ತದೆ. ಗಂಟೆಗೆ 2 ಮೈಲಿ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಆಳ ಅಂತ ಲೆಕ್ಕ ಹಾಕಿಕೊಳ್ಳಿ. ವೇಗ ಹೆಚ್ಚಿದರೆ ಆಳ ಕಡಿಮೆ.

ವೇಗ ಮತ್ತು ತಿರುವು

ಸಾಲ್ಮನ್‌ಗೆ ಗಂಟೆಗೆ 2ರಿಂದ 3 ಮೈಲಿ. ಲೇಕ್ ಟ್ರೌಟ್‌ಗೆ ಇನ್ನೂ ನಿಧಾನ. ಆದರೆ ಯಾವ ವೇಗ? ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ. ಸ್ಪೂನ್ ಓಲಾಡುವುದು ಆಳದ ನೀರಿನ ಲೆಕ್ಕದಲ್ಲಿ. ಆಳದಲ್ಲಿ ನೀರು ಉತ್ತರಕ್ಕೆ ಅರ್ಧ ಮೈಲಿ ವೇಗದಲ್ಲಿ ಹರಿಯುತ್ತಿದೆ ಅಂದುಕೊಳ್ಳಿ. ಜಿಪಿಎಸ್‌ನಲ್ಲಿ 2.4 ಇಟ್ಟು ಉತ್ತರಕ್ಕೆ ಹೋದರೆ ಸ್ಪೂನ್‌ಗೆ ಸಿಗುವುದು 1.9. ದಕ್ಷಿಣಕ್ಕೆ ತಿರುಗಿದರೆ 2.9. ಒಂದು ದಿಕ್ಕಿಗೆ ಹೋದಾಗ ಕಚ್ಚುತ್ತದೆ, ವಾಪಸ್ ಬರುವಾಗ ಏನೂ ಇಲ್ಲ ಅಂತ ಗೊಣಗುವವರು ಇದನ್ನು ಮೊದಲು ನೋಡಬೇಕು. ಗುಂಡಿನ ಹತ್ತಿರ ಕಟ್ಟುವ ಪ್ರೋಬ್ ಆಳದ ವೇಗ, ಉಷ್ಣತೆ ಎರಡನ್ನೂ ಹೇಳುತ್ತದೆ. ದುಡ್ಡು ಹಾಕುವುದಾದರೆ ಇಪ್ಪತ್ತು ಬಣ್ಣದ ಸ್ಪೂನ್‌ಗಿಂತ ಇದಕ್ಕೆ ಹಾಕಿ.

ನೇರವಾಗಿ ಓಡಿಸುತ್ತಲೇ ಇರಬೇಡಿ. ದೋಣಿ ಎಡಕ್ಕೆ ತಿರುಗಿದಾಗ ಬಲಗಡೆಯ ಬೋರ್ಡು ದೊಡ್ಡ ಸುತ್ತು ಸುತ್ತುತ್ತದೆ. ಅದರ ಸ್ಪೂನ್ ವೇಗವಾಗಿ ಓಡಿ ಮೇಲೇರುತ್ತದೆ. ಎಡಗಡೆಯದು ನಿಧಾನವಾಗಿ ಕೆಳಗಿಳಿಯುತ್ತದೆ. ಹೊರಗಿನದಕ್ಕೇ ಮತ್ತೆ ಮತ್ತೆ ಕಚ್ಚಿದರೆ ವೇಗ ಹೆಚ್ಚಿಸಿ, ಒಳಗಿನದಕ್ಕೆ ಕಚ್ಚಿದರೆ ಇಳಿಸಿ.

ಬಣ್ಣದ ಬಗ್ಗೆ ಇಷ್ಟು ಸಾಕು: ನೀರಿನಲ್ಲಿ ಕೆಂಪು ಬೇಗ ಮಾಯವಾಗುತ್ತದೆ, ನೀಲಿ ಹಸಿರು ಆಳದವರೆಗೆ ಕಾಣುತ್ತವೆ. ನಸುಕಿನಲ್ಲಿ ಕತ್ತಲಲ್ಲಿ ಹೊಳೆಯುವ ಸ್ಪೂನ್ ಹಾಕುತ್ತಾರೆ.

ಒಂದಷ್ಟು ಬಿಡಿ ಮಾತು. ಆಳದಿಂದ ಲೇಕ್ ಟ್ರೌಟ್ ಮೇಲೆ ಬರುವಾಗ ಮೊದಲು ಗುಳ್ಳೆಗಳು ಕಾಣಬಹುದು. ಅದು ತನ್ನ ಗಾಳಿಚೀಲದ ಗಾಳಿ ಬಿಡುತ್ತಿರುತ್ತದೆ. ಹಿಡಿದ ಮೀನಿನ ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರದ ಪುಟ್ಟ ರೆಕ್ಕೆ ಕತ್ತರಿಸಿದ್ದರೆ ಅದು ಸಾಕಣೆಕೇಂದ್ರದಿಂದ ಬಿಟ್ಟ ಮೀನು. ಅಂಥದ್ದರ ಮೂತಿಯಲ್ಲಿ ಸೂಕ್ಷ್ಮವಾದ ಲೋಹದ ಗುರುತು ಇರಬಹುದು, ಅದಕ್ಕೇ ತಲೆ ಕೊಡಿ ಅಂತ ಇಲಾಖೆಯವರು ಕೇಳುತ್ತಾರೆ. ಲೈಸೆನ್ಸಿನ ಜೊತೆ ಸಾಲ್ಮನ್ ಸ್ಟ್ಯಾಂಪ್ ಬೇಕೇ ಅಂತ ಆಯಾ ರಾಜ್ಯದ ನಿಯಮ ನೋಡಿಕೊಳ್ಳಿ. ದೊಡ್ಡ, ಹಳೆಯ ಮೀನಿನ ಕೊಬ್ಬಿನಲ್ಲಿ ಪಿಸಿಬಿ ಅನ್ನುವ ರಾಸಾಯನಿಕ ಜಾಸ್ತಿ. ತಿಂಗಳಿಗೆ ಎಷ್ಟು ತಿನ್ನಬಹುದು ಅಂತ ರಾಜ್ಯಗಳೇ ಪಟ್ಟಿ ಕೊಡುತ್ತವೆ, ಗರ್ಭಿಣಿಯರು ಮತ್ತು ಮಕ್ಕಳಿರುವ ಮನೆಯವರು ಅದನ್ನು ತಪ್ಪದೆ ನೋಡಬೇಕು. ಲೈಫ್ ಜಾಕೆಟ್ ತೆಗೆಯಬೇಡಿ. ತಣ್ಣೀರು ಮೇಲೆದ್ದ ದಿನ ಬಿಸಿಲು ಎಷ್ಟಿದ್ದರೂ ಬಿದ್ದವರ ಕೈಕಾಲು ಬೇಗ ಮರಗಟ್ಟುತ್ತದೆ.

ಅಭ್ಯಾಸಕ್ಕೆ

ಜುಲೈ ಕೊನೆ, ವಿಸ್ಕಾನ್ಸಿನ್ ಕಡೆ, 120 ಅಡಿ ನೀರು. ಮೇಲೆ 67 ಡಿಗ್ರಿ, 40 ಅಡಿಯಲ್ಲಿ 65, 55ರಲ್ಲಿ 56, 65ರಲ್ಲಿ 50, 90ರಲ್ಲಿ 44. ಎರಡು ಡೌನ್‌ರಿಗ್ಗರ್, ಒಂದು ಲೆಡ್‌ಕೋರ್ ಇದೆ. ಎಲ್ಲೆಲ್ಲಿ ಇಡುತ್ತೀರಿ?

ನಾನಾದರೆ ಒಂದು ಗುಂಡನ್ನು 62 ಅಡಿಯ ಹತ್ತಿರ ಇಡುತ್ತೇನೆ, ಕಿಂಗ್‌ಗಾಗಿ. ಇನ್ನೊಂದನ್ನು 85ಕ್ಕೆ, ತಣ್ಣೀರಿಗೆ ಇಳಿದಿರುವ ದೊಡ್ಡ ಕಿಂಗ್ ಅಥವಾ ಲೇಕ್ ಟ್ರೌಟ್ ಸಿಗಬಹುದು ಅಂತ. ಲೆಡ್‌ಕೋರ್ ಪೂರ್ತಿ 10 ಬಣ್ಣ ಬಿಟ್ಟರೆ ಸುಮಾರು 50 ಅಡಿ, ಅದು ಸ್ಟೀಲ್‌ಹೆಡ್ ಪಾಲು. 85ರದ್ದಕ್ಕೆ ಎರಡು ಸಲ ಕಚ್ಚಿದರೆ 62ರದ್ದನ್ನೂ ಕೆಳಗಿಳಿಸುತ್ತೇನೆ.

ಈಗ ಎರಡು ದಿನ ಜೋರಾಗಿ ಪಶ್ಚಿಮದ ಗಾಳಿ ಬೀಸಿತು ಅನ್ನಿ. ಮೂರನೆಯ ದಿನ ಅದೇ ಜಾಗಕ್ಕೆ ಹೋಗಿ ಮತ್ತೆ 62 ಅಡಿಗೇ ಇಳಿಸಿದರೆ? ಗುಂಡು 43 ಡಿಗ್ರಿ ನೀರಿನಲ್ಲಿ ಇರಬಹುದು, ಕಿಂಗ್ ಅದಕ್ಕಿಂತ 30 ಅಡಿ ಮೇಲೆ. ಮೊದಲು ಪ್ರೋಬ್ ಇಳಿಸಿ ಹೊಸ ಪಟ್ಟಿ ಬರೆದುಕೊಳ್ಳಿ, ಗಾಳ ಆಮೇಲೆ.